ಸಹಾಯ ಬೇಕು: ಐಸಿಯು ಕಲ್ಚರ್ ರಿಪೋರ್ಟ್‌ನಲ್ಲಿ 'ಐ' ಅಂದ್ರೆ ಏನು?

ನಮಸ್ಕಾರ. ಅಪ್ಪ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ 12 ದಿನದಿಂದ ವೆಂಟಿಲೇಟರ್ ಮೇಲಿದಾರೆ. ಚಳ್ಳಕೆರೆಯಿಂದ ಕರ್ಕೊಂಡು ಬಂದಾಗ ಬರೀ ಪಾರ್ಶ್ವವಾಯು. ನ್ಯುಮೋನಿಯಾ ಇಲ್ಲಿಗೆ ಬಂದಮೇಲೆ ಹತ್ತಿದ್ದು. ಮೆರೊಪೆನೆಮ್ ಅನ್ನೋ ಆಂಟಿಬಯಾಟಿಕ್ ಕೊಟ್ರೂ ಜ್ವರ ಇಳೀಲಿಲ್ಲ. ಕಫದ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ಯಾವ ಔಷಧಿ ನಾಟುತ್ತೆ ಅಂತ ನೋಡೋ ಪರೀಕ್ಷೆ) ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬಂದಿದೆ. ಎಲ್ಲಾ ಔಷಧಿ ಮುಂದೆ 'ಆರ್' (ರೆಸಿಸ್ಟೆಂಟ್, ಅಂದ್ರೆ ಔಷಧಿ ನಾಟಲ್ಲ), ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್ ಮುಂದೆ ಮಾತ್ರ 'ಐ'. ಅದನ್ನೇ ಶುರು ಮಾಡಿದಾರೆ, ಕಿಡ್ನಿಗೆ ಪೆಟ್ಟಾಗಬಹುದು ಅಂತ ನನ್ನ ಸಹಿನೂ ತಗೊಂಡ್ರು. ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ 1.1 ಇದ್ದದ್ದು ಈಗ 1.9, ಅದನ್ನ ನೋಡಿ ನನಗೆ ಕೈಕಾಲು ಆಡ್ತಿಲ್ಲ.

ಲ್ಯಾಬ್‌ನಲ್ಲಿ ಕೇಳಿದೆ. ಕೊಲಿಸ್ಟಿನ್‌ಗೆ 2020ರ ಅಮೆರಿಕದ ಮಾನದಂಡದಿಂದೀಚೆ 'ಎಸ್' (ಸಸೆಪ್ಟಿಬಲ್, ಅಂದ್ರೆ ಔಷಧಿ ನಾಟುತ್ತೆ) ಅಂತ ಬರೆಯೋದೇ ಇಲ್ಲ, 'ಐ' ಇಲ್ಲಾ 'ಆರ್' ಅಷ್ಟೇ ಅಂದ್ರು. ನನಗೆ ಗೊಂದಲ ಇಲ್ಲೇ.

ಐಸಿಯು, ಮೈಕ್ರೋಬಯಾಲಜಿ ಗೊತ್ತಿರೋರು ದಯವಿಟ್ಟು ಹೇಳಿ: ಈ 'ಐ' ನಂಬಿ ಕೊಲಿಸ್ಟಿನ್ ಮುಂದುವರಿಸೋದಾ, ಅಥವಾ ಸೆಫ್ಟಜಿಡೈಮ್-ಅವಿಬ್ಯಾಕ್ಟಮ್ ಜೊತೆ ಅಜ್ಟ್ರಿಯೋನಾಮ್ (ಇವೂ ಆಂಟಿಬಯಾಟಿಕ್‌ಗಳೇ) ಸೇರಿಸಿದ್ರೆ ನಾಟುತ್ತಾ ಅಂತ ಪರೀಕ್ಷೆ ಮಾಡಿಸಿ ಅಂತ ನಾಳೆ ರೌಂಡ್ಸ್‌ನಲ್ಲಿ ಡಾಕ್ಟರನ್ನ ಕೇಳಬಹುದಾ?