ಒಂದೇ ಕೈಪಿಡಿ, ಮೂರು ಬಗೆಯ ಓದುಗರು: ಅಡಿಕೆ ಸುಲಿಯುವ ಯಂತ್ರದ ಪುಸ್ತಕ ಸೋಸುವುದು ಹೇಗೆ?

ಪ್ರಶ್ನೆ (ಶಿವಮೊಗ್ಗದಿಂದ)

ನಮಸ್ಕಾರ ಸರ್. ಅಡಿಕೆ ಸುಲಿಯುವ ಯಂತ್ರದ ಕೈಪಿಡಿ ಬರೆಯುತ್ತಿದ್ದೇನೆ. ವರ್ಡ್‌ನಲ್ಲಿ ಸುಮಾರು 40 ಪುಟ ಇದೆ. ತೋಟದವರಿಗೆ ಒಂದು, ಸರ್ವಿಸ್ ಮೆಕ್ಯಾನಿಕ್‌ಗಳಿಗೆ ಒಂದು, ಡೀಲರ್‌ಗಳಿಗೆ ಒಂದು ಪುಸ್ತಕ ಬೇಕು. ಕರೆಂಟ್ ಮೋಟಾರಿನ ಮಾದರಿ, ಡೀಸೆಲ್ ಎಂಜಿನ್ನಿನ ಮಾದರಿ ಅಂತ ಮತ್ತೆ ಎರಡು. ಹಾಗಾಗಿ ಈಗ ಆರು ಫೈಲ್ ಆಗಿವೆ, ಒಂದರಲ್ಲಿ ತಿದ್ದಿದ್ದು ಉಳಿದ ಐದಕ್ಕೆ ಹೋಗುವುದೇ ಇಲ್ಲ. ಎಲ್ಲವನ್ನೂ ಒಂದೇ ಫೈಲಿಗೆ ತಂದು, ಬೇಡದ ಭಾಗವನ್ನು ವರ್ಡ್‌ನ ‘ಹಿಡನ್’ ಫಾಂಟಿನಲ್ಲಿ ಅಡಗಿಸಿ ಪಿಡಿಎಫ್ ತೆಗೆದರೆ ಸಾಕೇ?

ಉತ್ತರ

ನಮಸ್ಕಾರ. ಒಂದೇ ಫೈಲಿಗೆ ತರುವ ಯೋಚನೆ ಸರಿ. ಹಿಡನ್ ಫಾಂಟ್ ಮಾತ್ರ ಬೇಡ. ಆ ಅಕ್ಷರಗಳು ಡಾಕ್ಯುಮೆಂಟಿನ ಒಳಗೇ ಕೂತಿರುತ್ತವೆ. ವರ್ಡ್ ಫೈಲನ್ನೇ ಯಾರಿಗಾದರೂ ಕಳಿಸಿದರೆ ಒಂದು ಗುಂಡಿ ಒತ್ತಿ ಎಲ್ಲವನ್ನೂ ಓದಬಹುದು. ಅಲ್ಲದೆ ಯಾವ ಸಾಲು ಯಾರಿಗೆ ಬೇಡ ಅಂತ ಅಡಗಿಸಿದ್ದು ಎಂಬ ಗುರುತು ಎಲ್ಲೂ ಇರುವುದಿಲ್ಲ. ಪ್ರತಿ ಸಲ ಪುಸ್ತಕ ತೆಗೆಯುವಾಗಲೂ ಮೊದಲಿಂದ ಕೈಯಲ್ಲೇ ಅಡಗಿಸುತ್ತ ಕೂರಬೇಕು.

ಬದಲಿಗೆ ಪ್ರತಿ ಭಾಗಕ್ಕೂ ಅದು ಯಾವ ಪುಸ್ತಕಕ್ಕೆ ಎಂಬ ಗುರುತು, ಅಂದರೆ ಟ್ಯಾಗ್, ಹಾಕಬೇಕು. ಪುಸ್ತಕ ತೆಗೆಯುವಾಗ ಬೇಡದ ಟ್ಯಾಗಿನ ಭಾಗವನ್ನು ಸಾಫ್ಟ್‌ವೇರೇ ಬಿಟ್ಟುಬಿಡುತ್ತದೆ, ಸೋಸುವುದು ಎಂದರೆ ಇದೇ. ಸಾಫ್ಟ್‌ವೇರ್ ಹುಡುಕುವ ಮೊದಲು ವಿಂಗಡಣೆ ಮಾಡಿಕೊಳ್ಳಿ, ಮುಕ್ಕಾಲು ಪಾಲು ತಪ್ಪು ಆಗುವುದು ಅಲ್ಲೇ. ‘ತೋಟದವರು’, ‘ಮೆಕ್ಯಾನಿಕ್’ ಎಂದು ಮನುಷ್ಯರ ಹೆಸರಿನಲ್ಲಿ ಟ್ಯಾಗ್ ಇಡಬೇಡಿ, ಕೆಲಸದ ಹೆಸರಿನಲ್ಲಿ ಇಡಿ. ಮಲೆನಾಡಿನ ಒಂಟಿಮನೆಗೆ ಸುಗ್ಗಿಯ ನಡುವೆ ಮೆಕ್ಯಾನಿಕ್ ಬರಲು ಎರಡು ದಿನ ಹಿಡಿಯಬಹುದು. ಕೊಯ್ದು ಹಾಕಿದ ಹಸಿ ಅಡಿಕೆ ಅಲ್ಲಿಯವರೆಗೆ ಕಾಯುವುದಿಲ್ಲ. ಬೆಲ್ಟ್ ಹಾಕುವುದು, ಚೈನಿಗೆ ಸಿಕ್ಕ ಸಿಪ್ಪೆ ಬಿಡಿಸುವುದು, ಗ್ರೀಸ್ ಹಚ್ಚುವುದು, ಇವನ್ನೆಲ್ಲ ಮನೆಯವರೇ ಮಾಡುತ್ತಾರೆ. ‘ಮೆಕ್ಯಾನಿಕ್’ ಎಂಬ ಟ್ಯಾಗ್ ಇದ್ದರೆ ರಿಪೇರಿ ಎಂದು ಕಂಡದ್ದೆಲ್ಲ ಅದರೊಳಗೆ ಹೋಗುತ್ತದೆ, ಮನೆಯವರಿಗೆ ಬೇಕಾದ ಪುಟ ಅವರ ಪುಸ್ತಕದಲ್ಲೇ ಇರುವುದಿಲ್ಲ. ನಡೆಸುವುದು, ಬಿಚ್ಚುವುದು, ಮಾರುವುದು ಎಂದು ಮೂರು ಟ್ಯಾಗ್ ಸಾಕು. ‘ಬಿಚ್ಚುವುದು’ ಎಂಬುದಕ್ಕೆ ಗಟ್ಟಿ ಗೆರೆ ಹಾಕಿಕೊಳ್ಳಿ: ಸ್ಟಾರ್ಟರ್ ಪೆಟ್ಟಿಗೆ ತೆಗೆಯುವುದು, ಬೇರಿಂಗ್ ಹೊಡೆದು ಕೂರಿಸುವುದು, ಬ್ಲೇಡಿನ ಸಂದು ಹೊಂದಿಸುವುದು. ಮಿಕ್ಕಿದ್ದು ನಡೆಸುವವರದ್ದು.

ಯಾವುದಕ್ಕೂ ಟ್ಯಾಗ್ ಇಲ್ಲದ ಭಾಗ ಎಲ್ಲ ಪುಸ್ತಕಕ್ಕೂ ಹೋಗುತ್ತದೆ, ಇದು ಸೋಸುವಿಕೆಯ ಮೂಲ ನಿಯಮ. ಸುರಕ್ಷತೆಯ ಮಾತುಗಳನ್ನು ಈ ಗುಂಪಿನಲ್ಲೇ ಬಿಡಿ. ಗಾರ್ಡ್ ಇಲ್ಲದೆ ಯಂತ್ರ ಓಡಿಸಬೇಡಿ (ಗಾರ್ಡ್ ಎಂದರೆ ತಿರುಗುವ ಭಾಗದ ರಕ್ಷಣಾ ಮುಚ್ಚಳ), ಕೈ ಹಾಕುವ ಮೊದಲು ಮೇನ್ ಸ್ವಿಚ್ ಬಂದ್ ಮಾಡಿ, ಸಡಿಲ ಬಟ್ಟೆ, ಸೆರಗು, ಮಫ್ಲರ್ ಹತ್ತಿರ ತರಬೇಡಿ: ಇಂಥದ್ದಕ್ಕೆ ಟ್ಯಾಗ್ ಹಾಕಲೇಬೇಡಿ. ‘ಮೆಕ್ಯಾನಿಕ್‌ಗೆ ಇದು ಗೊತ್ತಿರುತ್ತದೆ’ ಎಂದು ಅವನ ಪುಸ್ತಕದಿಂದ ತೆಗೆಯುವುದು ದೊಡ್ಡ ತಪ್ಪು.

ಟ್ಯಾಗಿನ ಸಂಖ್ಯೆಯಲ್ಲೂ ಜಿಪುಣರಾಗಿರಿ. ಮೂರು ಓದುಗರು, ಎರಡು ಮಾದರಿ ಎಂದರೆ ಆರು ಪುಸ್ತಕ. ಅದಕ್ಕೆ ಹಸಿ ಅಡಿಕೆ, ಒಣ ಗೋಟು ಎಂಬ ಭೇದ ಸೇರಿಸಿದರೆ ಹನ್ನೆರಡು. ಅಷ್ಟನ್ನೂ ಯಾರಾದರೂ ಕೂತು ಓದಿ ನೋಡಲೇಬೇಕು. ಹಸಿ-ಗೋಟಿನ ವ್ಯತ್ಯಾಸ ಒಂದೆರಡು ಪುಟದ್ದಾದರೆ ಸೋಸುವ ಬದಲು ಎರಡನ್ನೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಕೊಡಿ.

ಮರುಪ್ರಶ್ನೆ

ಧನ್ಯವಾದ ಸರ್. ವಿಂಗಡಣೆ ಅರ್ಥವಾಯಿತು. ಯಾವುದರಲ್ಲಿ ಮಾಡಲಿ? ಕೈಪಿಡಿಯನ್ನು ತುಂಡು ತುಂಡಾಗಿ ಬರೆದು ಜೋಡಿಸುವ ಡಿಟಾ ಪದ್ಧತಿ ಕಲಿಯಬೇಕು ಅಂತ ಕೆಲವರು ಹೇಳಿದರು.

ಉತ್ತರ

40 ಪುಟ, ಬರೆಯುವವರು ಒಬ್ಬರು ಅಂದಮೇಲೆ ಆಸ್ಕಿಡಾಕ್ ಧಾರಾಳ ಸಾಕು. ನೋಟ್‌ಪ್ಯಾಡಿನಲ್ಲಿ ಬರೆಯುವ ಸಾದಾ ಪಠ್ಯ, ಆಸ್ಕಿಡಾಕ್ಟರ್ ಎಂಬ ಉಚಿತ ಸಾಧನ ಅದನ್ನು ಪುಸ್ತಕ ಮಾಡುತ್ತದೆ. ಬಿಚ್ಚುವವರಿಗಷ್ಟೇ ಇರುವ ಭಾಗದ ಮೇಲೆ ‘ಇಫ್‌ಡೆಫ್’ ಸಾಲು, ಅದರಲ್ಲಿ ಎರಡು ಕೋಲನ್, ಟ್ಯಾಗಿನ ಹೆಸರು, ಖಾಲಿ ಚೌಕ ಬ್ರಾಕೆಟ್. ಭಾಗ ಮುಗಿದಲ್ಲಿ ಅದೇ ರೀತಿ ‘ಎಂಡಿಫ್’ ಸಾಲು. ಪುಸ್ತಕ ತೆಗೆಯುವ ಆಜ್ಞೆಯಲ್ಲಿ ‘ಎ’ ಆಯ್ಕೆಯ ಜೊತೆ ಬೇಕಾದ ಟ್ಯಾಗಿನ ಹೆಸರು ಕೊಟ್ಟರೆ ಆ ಭಾಗ ಬರುತ್ತದೆ, ಕೊಡದಿದ್ದರೆ ಬರುವುದಿಲ್ಲ. ಆರು ಪುಸ್ತಕದ ಆರು ಆಜ್ಞೆಗಳನ್ನು ಒಂದು ಬ್ಯಾಚ್ ಫೈಲಿನಲ್ಲಿ ಬರೆದಿಟ್ಟುಕೊಳ್ಳಿ. ಎರಡು ಟ್ಯಾಗಿನ ನಡುವೆ ಅಲ್ಪವಿರಾಮ ಇಟ್ಟರೆ ‘ಇದು ಅಥವಾ ಅದು’, ಕೂಡಿಸುವ ಚಿಹ್ನೆ ಇಟ್ಟರೆ ‘ಎರಡೂ ಇರಬೇಕು’ ಎಂದರ್ಥ.

ಎಡವುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಎಂಡಿಫ್‌ನಲ್ಲೂ ಟ್ಯಾಗಿನ ಹೆಸರು ಬರೆಯಿರಿ, ಜೋಡಿ ತಪ್ಪಿದರೆ ಸಾಧನವೇ ದೂರು ಹೇಳುತ್ತದೆ. ಎಂಡಿಫ್ ಬಿಟ್ಟುಹೋದರೆ ಅಲ್ಲಿಂದ ಕೊನೆಯವರೆಗಿನ ಪುಸ್ತಕವೇ ಮಾಯವಾಗಬಹುದು. ಟ್ಯಾಗಿಗೆ ‘ಫಾಲ್ಸ್’ (ಸುಳ್ಳು) ಎಂದು ಬೆಲೆ, ಅಂದರೆ ಮೌಲ್ಯ, ಕೊಟ್ಟರೆ ಆರಿಹೋಗುತ್ತದೆ ಎಂದುಕೊಳ್ಳಬೇಡಿ. ಇಫ್‌ಡೆಫ್ ನೋಡುವುದು ಹೆಸರು ಇದೆಯೇ ಇಲ್ಲವೇ ಎಂಬುದನ್ನು ಮಾತ್ರ, ಬೆಲೆಯನ್ನಲ್ಲ. ಇದರ ಉಲ್ಟಾ ಆಗಿರುವ ‘ಇಫ್‌ಎನ್‌ಡೆಫ್’ ಬಳಸಲೇಬೇಡಿ. ಇಫ್‌ಡೆಫ್‌ನಲ್ಲಿ ಕಾಗುಣಿತ ತಪ್ಪಿದರೆ ಆ ಭಾಗ ಎಲ್ಲ ಪುಸ್ತಕದಿಂದಲೂ ಹೋಗುತ್ತದೆ, ಒಮ್ಮೆ ಓದಿದರೆ ಗೊತ್ತಾಗುತ್ತದೆ. ಇಫ್‌ಎನ್‌ಡೆಫ್‌ನಲ್ಲಿ ತಪ್ಪಿದರೆ ಎಲ್ಲ ಪುಸ್ತಕಕ್ಕೂ ಸೋರುತ್ತದೆ, ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಪಿಡಿಎಫ್ ವಿಷಯದಲ್ಲಿ ಕನ್ನಡದವರು ವಿಶೇಷ ಎಚ್ಚರ ವಹಿಸಬೇಕು. ಆಸ್ಕಿಡಾಕ್ಟರಿನ ಪಿಡಿಎಫ್ ಸಾಧನಕ್ಕೆ ನಮ್ಮ ಒತ್ತಕ್ಷರ ಕೂರಿಸುವುದು ಬರುವುದಿಲ್ಲ. ‘ಗ್ರೀಸ್’, ‘ಸ್ಟಾರ್ಟರ್’ ಎಲ್ಲ ಒಡೆದು ಬೀಳುತ್ತವೆ. ಎಚ್‌ಟಿಎಂಎಲ್ ತೆಗೆದು ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ತೆರೆದು, ಅಲ್ಲಿಂದ ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡಿಕೊಳ್ಳಿ, ಅಕ್ಷರ ಸರಿಯಾಗಿ ಬರುತ್ತದೆ.

ಯಂತ್ರದ ಮಾದರಿ ಹತ್ತು ಹದಿನೈದು ಆಗಿ, ಬರೆಯುವವರು ನಾಲ್ಕಾರು ಜನರಾದಾಗ ಡಿಟಾ ಕಡೆ ನೋಡಿ.

ಪ್ರಶ್ನೆ (ತೀರ್ಥಹಳ್ಳಿಯಿಂದ)

ನಾನು ಡಿಟಾದಲ್ಲೇ ಕೆಲಸ ಮಾಡುವುದು. ನೀರೆತ್ತುವ ಪಂಪ್‌ಸೆಟ್ ಕೈಪಿಡಿ. ಯಾವ ಭಾಗ ಬೇಕು, ಯಾವುದು ಬೇಡ ಎಂದು ಹೇಳುವ ಡಿಟಾವಾಲ್ ಫೈಲಿನಲ್ಲಿ ಮೆಕ್ಯಾನಿಕ್ ಭಾಗಕ್ಕೆ ಎಕ್ಸ್‌ಕ್ಲೂಡ್ (ಹೊರಗಿಡು) ಎಂದು ಕೊಟ್ಟಿದ್ದೇನೆ. ಆದರೂ ಮಾಲೀಕರ ಪುಸ್ತಕದಲ್ಲಿ ಕೆಲವು ಹಂತ ಉಳಿದುಬಿಟ್ಟಿವೆ. ಟ್ಯಾಗಿನ ಬೆಲೆಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಯಾಕಿರಬಹುದು?

ಉತ್ತರ

ಮೂರು ಕಡೆ ನೋಡಿ ಮೇಡಂ.

ಮೊದಲನೆಯದು ಲೆಕ್ಕಾಚಾರ. ಒಂದು ಹಂತದ ‘ಆಡಿಯನ್ಸ್’ ಗುಣದಲ್ಲಿ (ಯಾರಿಗೆ ಎಂದು ಹೇಳುವ ಟ್ಯಾಗ್) ‘ಮಾಲೀಕ ಮೆಕ್ಯಾನಿಕ್’ ಎಂದು ಎರಡು ಬೆಲೆ ಇದ್ದರೆ, ಒಂದನ್ನು ತೆಗೆದರೂ ಇನ್ನೊಂದು ಆ ಹಂತವನ್ನು ಉಳಿಸುತ್ತದೆ. ಒಂದೇ ಗುಣದ ಎಲ್ಲ ಬೆಲೆಗಳೂ ಹೊರಬಿದ್ದಾಗ ಮಾತ್ರ ಹಂತ ಹೋಗುತ್ತದೆ. ಬೇರೆ ಬೇರೆ ಗುಣಗಳ ನಡುವೆ ಹಾಗಲ್ಲ: ‘ಆಡಿಯನ್ಸ್’ನಲ್ಲಿ ಮೆಕ್ಯಾನಿಕ್, ‘ಪ್ರಾಡಕ್ಟ್’ನಲ್ಲಿ ಡೀಸೆಲ್ ಎಂದಿದ್ದರೆ ಎರಡರಲ್ಲಿ ಯಾವುದೊಂದು ಹೊರಬಿದ್ದರೂ ಹಂತ ಹೊರಗೆ. ಹೊರಗಿನ ಸೆಕ್ಷನ್ ಹೋದರೆ ಒಳಗಿರುವ ಹಂತಕ್ಕೆ ಯಾವ ಟ್ಯಾಗ್ ಇದ್ದರೂ ಅದೂ ಜೊತೆಗೇ ಹೋಗುತ್ತದೆ.

ಎರಡನೆಯದು ಕನ್ನಡ ಬೆಲೆಗಳು, ನಿಮ್ಮ ತೊಂದರೆ ಬಹುಶಃ ಇಲ್ಲೇ ಇದೆ. ‘ಮೆಕ್ಯಾನಿಕ್’ ಎಂದು ಟೈಪ್ ಮಾಡುವಾಗ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ, ಯುನಿಕೋಡಿನಲ್ಲಿ ಯು ಪ್ಲಸ್ 200ಸಿ ಎಂಬ ಸಂಕೇತದ ಅಕ್ಷರ ಒಂದು ಕಡೆ ಸೇರಿರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ‘ಮೋಟಾರ್’ನ ‘ಮೋ’ ಕೂಡ ಹಾಗೆಯೇ: ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಮೂರು ಬಿಡಿ ತುಂಡುಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಪದ. ಪುಸ್ತಕದ ಪಠ್ಯ ಕನ್ನಡದಲ್ಲಿರಲಿ, ಟ್ಯಾಗಿನ ಬೆಲೆ ಮಾತ್ರ ಸಣ್ಣಕ್ಷರದ ಇಂಗ್ಲಿಷ್ ಲಿಪಿಯಲ್ಲಿ, ಐದಾರು ಅಕ್ಷರ ಮೀರದಂತೆ ಇರಲಿ.

ಮೂರನೆಯದು, ಡಿಟಾವಾಲ್‌ನಲ್ಲಿ ಹೆಸರೇ ಬಾರದ ಬೆಲೆಯನ್ನು ಡಿಟಾ ಸುಮ್ಮನೆ ಒಳಗೆ ಬಿಡುತ್ತದೆ. ಹಾಗಾಗಿ ಕಾಗುಣಿತ ತಪ್ಪಿದ ಹಂತ ಸೋರುತ್ತದೆ. ಇದನ್ನು ತಿರುಗಿಸಿ. ಮೊದಲು ಆಡಿಯನ್ಸ್ ಗುಣಕ್ಕೆ, ಯಾವ ಬೆಲೆಯನ್ನೂ ಹೇಳದೆ, ಎಕ್ಸ್‌ಕ್ಲೂಡ್ ಎಂದು ಒಂದು ಸಾಲು ಹಾಕಿ. ಆಮೇಲೆ ಬೇಕಾದ ಬೆಲೆಗೆ ಮಾತ್ರ ಇನ್‌ಕ್ಲೂಡ್ ಕೊಡಿ. ಆಗ ತಪ್ಪಿದ ಬೆಲೆ ಸೋರುವ ಬದಲು ಕಾಣೆಯಾಗುತ್ತದೆ. ಸುರಕ್ಷತೆಯ ಮಾತಿಗೆ ಟ್ಯಾಗ್ ಬೇಡ ಎಂದು ಮೇಲೆ ಹೇಳಿದ್ದು ಈ ಕಾರಣಕ್ಕೂ ಹೌದು. ಸಬ್ಜೆಕ್ಟ್ ಸ್ಕೀಮ್ ಮ್ಯಾಪಿನಲ್ಲಿ ಒಪ್ಪಿತ ಬೆಲೆಗಳ ಪಟ್ಟಿ ಕೊಟ್ಟರೆ ಪಟ್ಟಿಯಲ್ಲಿಲ್ಲದ ಬೆಲೆಗೆ ಎಚ್ಚರಿಕೆ ಬರುತ್ತದೆ.

2015ರ 1.3 ಆವೃತ್ತಿಯಿಂದ ಡಿಟಾದಲ್ಲಿ ಮ್ಯಾಪಿನ, ಅಂದರೆ ಅಧ್ಯಾಯಗಳನ್ನು ಜೋಡಿಸುವ ಫೈಲಿನ, ಒಂದೊಂದು ಕೊಂಬೆಗೆ ಒಂದೊಂದು ಡಿಟಾವಾಲ್ ಕಟ್ಟಬಹುದು. ಮೋಟಾರಿನ ಅಧ್ಯಾಯ, ಡೀಸೆಲಿನ ಅಧ್ಯಾಯ ಎರಡೂ ಒಂದೇ ಪುಸ್ತಕದಲ್ಲಿ ಬೇಕಾದಾಗ, ಡೀಲರ್ ಪುಸ್ತಕದಲ್ಲಂತೂ ಬೇಕೇ ಬೇಕು, ಇದು ಒಳ್ಳೆಯ ದಾರಿ. ಒಂದೇ ಮೂಲ ಫೈಲ್ ಎರಡು ರೂಪದಲ್ಲಿ ಬರುವುದರಿಂದ ಪ್ರತಿ ಕೊಂಬೆಯ ಫೈಲ್ ಹೆಸರಿಗೂ ಬೇರೆ ಬೇರೆ ಬಾಲ ಸೇರಿಸುವುದನ್ನು ಮರೆಯಬೇಡಿ.

ಮರುಪ್ರಶ್ನೆ (ಶಿವಮೊಗ್ಗದಿಂದ)

ಸರ್, ವಾಕ್ಯದ ಒಳಗೇ ಪದ ಬದಲಿಸಿದರೆ ಪುಟ ಕಡಿಮೆಯಾಗುತ್ತದಲ್ಲ? ‘ಮೋಟಾರ್’ ಇದ್ದಲ್ಲಿ ‘ಎಂಜಿನ್’ ಬಂದರೆ ಸಾಕು, ಮಿಕ್ಕ ವಾಕ್ಯ ಎರಡಕ್ಕೂ ಒಂದೇ.

ಉತ್ತರ

ಅದನ್ನು ಖಂಡಿತ ಮಾಡಬೇಡಿ. ಇಂಗ್ಲಿಷಿನಲ್ಲಿ ಹೇಗೋ ನಡೆಯುತ್ತದೆ, ಕನ್ನಡದಲ್ಲಿ ನಡೆಯುವುದಿಲ್ಲ. ‘ಬೆಲ್ಟ್ ಸಡಿಲವಾಗಿದ್ದರೆ ಮೋಟಾರನ್ನು ಹಿಂದಕ್ಕೆ ಸರಿಸಿ’ ಎಂಬ ವಾಕ್ಯ ತೆಗೆದುಕೊಳ್ಳಿ. ವಿಭಕ್ತಿ ಪದಕ್ಕೆ ಅಂಟಿಕೊಂಡಿದೆ. ಪದವನ್ನಷ್ಟೇ ಬದಲಿಸಿದರೆ ‘ಎಂಜಿನ್ಅನ್ನು’ ಎಂದು ಬರುತ್ತದೆ, ಬೇಕಾದದ್ದು ‘ಎಂಜಿನ್ನನ್ನು’.

ಇದಕ್ಕಿಂತ ಅಪಾಯದ್ದು ಕ್ರಿಯಾಪದಗಳ ಸರಪಳಿ. ನಾವು ಬರೆಯುವುದೇ ಹೀಗೆ: ‘ಮೇನ್ ಸ್ವಿಚ್ ಬಂದ್ ಮಾಡಿ, ಗಾರ್ಡ್ ತೆಗೆದು, ಬ್ಲೇಡಿನ ಸಂದು ಹೊಂದಿಸಿ.’ ಕೊನೆಯ ತುಂಡು ಬಿಚ್ಚುವವರಿಗಷ್ಟೇ ಎಂದು ಟ್ಯಾಗ್ ಹಾಕಿದಿರಿ ಅನ್ನಿ. ನಡೆಸುವವರ ಪುಸ್ತಕದಲ್ಲಿ ‘ಮೇನ್ ಸ್ವಿಚ್ ಬಂದ್ ಮಾಡಿ, ಗಾರ್ಡ್ ತೆಗೆದು,’ ಎಂದು ನೇತಾಡುತ್ತದೆ. ಅದೇ ‘ತೆಗೆದು’ ಬದಲು ‘ಸರಿಸಿ’ ಎಂದು ಬರೆದಿದ್ದರೆ? ‘ಸರಿಸಿ’ ಎಂಬುದು ‘ಸರಿಸಿಕೊಂಡು ಮುಂದೆ’ ಎಂದೂ ಆಗುತ್ತದೆ, ‘ಸರಿಸಿರಿ’ ಎಂಬ ಆಜ್ಞೆಯೂ ಆಗುತ್ತದೆ. ಆಗ ‘ಬಂದ್ ಮಾಡಿ, ಗಾರ್ಡ್ ಸರಿಸಿ’ ಎಂಬುದು ಪೂರ್ತಿ ವಾಕ್ಯದಂತೆಯೇ ಕಂಡು ಪ್ರೂಫ್ ನೋಡುವವರ ಕಣ್ಣನ್ನೂ ದಾಟಿ ಹೋಗುತ್ತದೆ. ಓದಿದವರು ಗಾರ್ಡ್ ಸರಿಸಿ ಹಾಗೇ ಬಿಡುತ್ತಾರೆ, ಮುಂದಿನ ಹಂತದಲ್ಲಿ ಯಂತ್ರ ಚಾಲೂ ಮಾಡುತ್ತಾರೆ. ‘ಬೇಡಿ’, ‘ಬಾರದು’ ಎಂಬ ನಿಷೇಧವೂ ನಮ್ಮಲ್ಲಿ ವಾಕ್ಯದ ತುದಿಯಲ್ಲೇ ಬರುವುದು, ತುದಿ ಕತ್ತರಿಸಿದರೆ ಅರ್ಥವೇ ತಲೆಕೆಳಗು.

ಹಾಗಾಗಿ ಒಂದು ಹಂತಕ್ಕೆ ಒಂದೇ ಕ್ರಿಯೆ, ಒಂದೇ ವಾಕ್ಯ. ಟ್ಯಾಗ್ ಯಾವತ್ತೂ ಪೂರ್ತಿ ಹಂತಕ್ಕೆ, ಪೂರ್ತಿ ಪ್ಯಾರಾಕ್ಕೆ ಅಥವಾ ಕೋಷ್ಟಕದ ಪೂರ್ತಿ ಸಾಲಿಗೆ. ಗಾರ್ಡ್ ತೆಗೆಯುವ ಹಂತಕ್ಕೆ ಟ್ಯಾಗ್ ಇದ್ದರೆ ವಾಪಸ್ ಹಾಕುವ ಹಂತಕ್ಕೂ ಅದೇ ಟ್ಯಾಗ್ ಇರಬೇಕು. ‘ಅದನ್ನು’, ‘ಇದರ ನಂತರ’ ಎಂದು ಹಂತ ಶುರುಮಾಡಬೇಡಿ. ಹಿಂದಿನ ಹಂತ ಹೋದರೆ ‘ಅದು’ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ, ವಸ್ತುವಿನ ಹೆಸರನ್ನೇ ಮತ್ತೆ ಬರೆಯಿರಿ. ಪುಟ ನಾಲ್ಕು ಹೆಚ್ಚಾದರೆ ಆಗಲಿ.

ಪ್ರಶ್ನೆ (ಸಾಗರದಿಂದ)

ನಾನು ಯಂತ್ರ ರಿಪೇರಿ ಮಾಡುವವನು. ನಮಗೆ ಬರುವ ಪುಸ್ತಕಗಳಲ್ಲಿ ‘7ನೇ ಹಂತ ನೋಡಿ’ ಅಂತಿರುತ್ತದೆ, ಹಂತ ಇರುವುದು ಐದೇ. ಚಿತ್ರದಲ್ಲಿ 1ರಿಂದ 9ರವರೆಗೆ ಬಾಣ, ಕೆಳಗೆ ವಿವರ ನಾಲ್ಕಕ್ಕೆ ಮಾತ್ರ. ಇದೂ ಸೋಸಿದ್ದರಿಂದಲೇ ಆಗುವುದಾ?

ಉತ್ತರ

ಹೌದಣ್ಣ, ಅದರಿಂದಲೇ. ಹಂತದ ಅಂಕಿಯನ್ನು ಕೈಯಲ್ಲಿ ಟೈಪ್ ಮಾಡಿದರೆ ಹಾಗಾಗುತ್ತದೆ. ಬರೆಯುವವರು ಹಂತಕ್ಕೊಂದು ಗುರುತು ಕೊಟ್ಟು ಅದಕ್ಕೆ ಕೊಂಡಿ ಹಾಕಬೇಕು. ಕೊಂಡಿಯೂ ಅದು ತೋರಿಸುವ ಹಂತವೂ ಒಂದೇ ಟ್ಯಾಗಿನಲ್ಲಿರಬೇಕು, ಇಲ್ಲದಿದ್ದರೆ ಕೊಂಡಿ ಉಳಿದು ಹಂತ ಹೋಗುತ್ತದೆ. ಚಿತ್ರದ ಒಳಗಿನ ಅಂಕಿಯನ್ನು ಯಾವ ಟ್ಯಾಗೂ ಮುಟ್ಟುವುದಿಲ್ಲ. ವಿವರದ ಪಟ್ಟಿಯನ್ನು ಸೋಸದೆ ಪೂರ್ತಿ ಕೊಡಬೇಕು, ಇಲ್ಲವೇ ಆಯಾ ಪುಸ್ತಕಕ್ಕೆ ಬೇರೆ ಚಿತ್ರ ಮಾಡಿಸಬೇಕು.

ಮರುಪ್ರಶ್ನೆ (ಶಿವಮೊಗ್ಗದಿಂದ)

ಕೊನೆಯದೊಂದು ಸರ್. ಡೀಲರ್ ದರಪಟ್ಟಿ, ಕಮಿಷನ್ ಕೂಡ ಇದೇ ಫೈಲಿನಲ್ಲಿ ‘ಮಾರುವುದು’ ಟ್ಯಾಗಿನಡಿ ಇಡಬಹುದೇ?

ಉತ್ತರ

ಬೇಡ. ಸೋಸುವುದು ಓದುಗರ ಅನುಕೂಲಕ್ಕೆ, ಗುಟ್ಟು ಕಾಯುವುದಕ್ಕಲ್ಲ. ಒಂದು ಆಜ್ಞೆ ತಪ್ಪಾದರೆ ದರಪಟ್ಟಿ ತೋಟದವರ ಪುಸ್ತಕದೊಳಗೆ ಬಂದಿರುತ್ತದೆ. ದರ, ಕಮಿಷನ್, ಕಂಟ್ರೋಲರಿನ ಪಾಸ್‌ವರ್ಡ್ ಇದ್ದರೆ ಅದೂ, ಬೇರೆ ಫೋಲ್ಡರಿನ ಬೇರೆ ಫೈಲಿನಲ್ಲಿರಲಿ. ಡೀಲರ್ ಪುಸ್ತಕ ತೆಗೆಯುವಾಗ ಮಾತ್ರ ಅದನ್ನು ಸೇರಿಸಿಕೊಳ್ಳಿ. ವೆಬ್ ಪುಟದಲ್ಲಿ ಎಲ್ಲವನ್ನೂ ಹಾಕಿ ಸ್ಟೈಲ್‌ಶೀಟಿನಿಂದ ಮರೆಮಾಡುವುದೂ ಇಂಥದ್ದೇ, ಪುಟದ ಮೂಲ ತೆರೆದರೆ ಎಲ್ಲ ಕಾಣುತ್ತದೆ.

ಪುಸ್ತಕ ತೆಗೆಯುವ ಮೊದಲು ಹಳೆಯ ಔಟ್‌ಪುಟ್ ಫೋಲ್ಡರ್ ಪೂರ್ತಿ ಅಳಿಸಿ. ಇಲ್ಲದಿದ್ದರೆ ಹಿಂದಿನ ಸಲದ ಮೆಕ್ಯಾನಿಕ್ ಪುಟ, ವೈರಿಂಗ್ ಚಿತ್ರ ಅಲ್ಲೇ ಉಳಿದು ಹೊಸದರ ಜೊತೆ ಹೋಗುತ್ತವೆ. ಎಲ್ಲ ಟ್ಯಾಗೂ ಸೇರಿದ ಒಂದು ಪರಿಶೀಲನಾ ಪ್ರತಿ ತೆಗೆದು, ನಡೆಸುವವರ ಭಾಗಕ್ಕೆ ಹಸಿರು, ಬಿಚ್ಚುವವರ ಭಾಗಕ್ಕೆ ನೀಲಿ ಬಣ್ಣ ಬರುವಂತೆ ಮಾಡಿ. ಡಿಟಾದಲ್ಲಿ ಇದಕ್ಕೆ ‘ಫ್ಲ್ಯಾಗ್’ ಎಂಬ ಕ್ರಿಯೆಯೇ ಇದೆ, ಆಸ್ಕಿಡಾಕ್‌ನಲ್ಲಿ ಆ ಭಾಗಕ್ಕೆ ರೋಲ್ ಹೆಸರು ಕೊಟ್ಟು ಸ್ಟೈಲ್‌ಶೀಟಿನಲ್ಲಿ ಬಣ್ಣ ಹಾಕಬಹುದು. ಆಮೇಲೆ ಆರೂ ಪುಸ್ತಕಗಳಲ್ಲಿ ಪದ ಹುಡುಕಿ: ತೋಟದವರದ್ದರಲ್ಲಿ ‘ಟರ್ಮಿನಲ್’, ‘ಕಮಿಷನ್’ ಸಿಗಬಾರದು, ಡೀಸೆಲಿನದ್ದರಲ್ಲಿ ‘ಸ್ಟಾರ್ಟರ್ ಪೆಟ್ಟಿಗೆ’ ಸಿಗಬಾರದು, ಆರರಲ್ಲೂ ‘ಗಾರ್ಡ್ ಇಲ್ಲದೆ’ ಸಿಗಲೇಬೇಕು. ಶೀರ್ಷಿಕೆ ಮಾತ್ರ ಉಳಿದು ಒಳಗೆ ಏನೂ ಇಲ್ಲದ ವಿಭಾಗ, ಒಂದೇ ಹಂತ ಉಳಿದ ಪಟ್ಟಿ ಇದ್ದರೆ ಅಲ್ಲಿ ಟ್ಯಾಗನ್ನು ಶೀರ್ಷಿಕೆಯ ಮೇಲಕ್ಕೆ ತನ್ನಿ. ತೋಟದವರ ಪ್ರತಿಯನ್ನು ಮೊಬೈಲಿನಲ್ಲಿ ತೆರೆದು, ಯಂತ್ರದ ಎದುರು ನಿಂತು, ಬೆಲ್ಟ್ ಬಿಚ್ಚಿ ಹಾಕುವ ಪುಟವನ್ನು ಮೊದಲ ಹಂತದಿಂದ ಗಾರ್ಡ್ ವಾಪಸ್ ಕೂರಿಸುವವರೆಗೆ ಮಾಡಿ ನೋಡಿ, ಆಮೇಲೆ ಅಚ್ಚಿಗೆ ಕೊಡಿ.