ಸ್ಟಿಯರಿಂಗ್‌ನಲ್ಲಿ ಟಿಕ್ ಟಿಕ್ ಸದ್ದು: ರ್ಯಾಕ್ ಬದಲಿಸಲೇಬೇಕಾ?

ಮುಲುಂಡ್_06
ನಮಸ್ಕಾರ. ಗಾಡಿ 2006ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಹೈಡ್ರಾಲಿಕ್ ಪವರ್ ಸ್ಟಿಯರಿಂಗ್, ಡ್ರೈವರ್ ಏರ್‌ಬ್ಯಾಗ್ ಇದೆ. ಓಡಿದ್ದು 1,12,000 ಕಿ.ಮೀ. ಮಳೆಗಾಲ ಮುಗಿಯುವ ಹೊತ್ತಿಗೆ ಸದ್ದು ಶುರುವಾಯಿತು. ಎಡಕ್ಕಿದ್ದ ಸ್ಟಿಯರಿಂಗನ್ನು ಬಲಕ್ಕೆ ಎಳೆದ ಕೂಡಲೇ ಒಂದು ಟಿಕ್, ಮತ್ತೆ ಎಡಕ್ಕೆ ತಂದರೆ ಇನ್ನೊಂದು. ಕೈಗೂ ಸಣ್ಣಗೆ ತಟ್ಟುತ್ತದೆ. ಘೋಡ್‌ಬಂದರ್ ರಸ್ತೆಯ ಗುಂಡಿಗಳಲ್ಲಿ ಪೆಡಲ್ ಹತ್ತಿರ ಟಕಟಕ ಕೇಳುತ್ತದೆ. ಗ್ಯಾರೇಜಿನವರು ರ್ಯಾಕ್ (ಸ್ಟಿಯರಿಂಗ್ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಹಲ್ಲುದಂಡ) ಹೋಗಿದೆ, ಪೂರ್ತಿ ಬದಲಿಸಿ ಎನ್ನುತ್ತಾರೆ. ಅದಕ್ಕೆ ಮೊದಲು ಏನು ನೋಡಬೇಕು?

ಚೆಂಬೂರ್_ಸ್ಪ್ಯಾನರ್
ರ್ಯಾಕ್‌ಗೆ ಈಗಲೇ ದುಡ್ಡು ಹಾಕಬೇಡಿ ಸಾರ್. ದಿಕ್ಕು ಬದಲಿಸಿದಾಗ ಒಂದೇ ಸಲ ಟಿಕ್ ಅಂದರೆ ಎಲ್ಲೋ ಒಂದು ಜೋಡಣೆಯಲ್ಲಿ ಪ್ಲೇ, ಅಂದರೆ ಸಡಿಲ, ಇದೆ ಎಂದರ್ಥ. ಎಲ್ಲಿ ಎಂದು ಬೆರಳಿನಲ್ಲೇ ಪತ್ತೆ ಮಾಡಬಹುದು.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಸ್ಟಿಯರಿಂಗ್ ಲಾಕ್ ಬಿಡುವಷ್ಟು ಮಾತ್ರ ಕೀ ತಿರುಗಿಸಿ. ಚಕ್ರ ನೆಲದ ಮೇಲೇ ಇರಲಿ. ಟೈರ್ ಹಿಡಿದುಕೊಂಡಿದ್ದರೇನೇ ಜಾಯಿಂಟ್‌ಗಳ ಮೇಲೆ ಭಾರ ಬೀಳುವುದು. ಒಬ್ಬರು ಸ್ಟಿಯರಿಂಗನ್ನು ಆ ಕಡೆ ಈ ಕಡೆ ಎರಡೆರಡು ಇಂಚು ಅಲ್ಲಾಡಿಸುತ್ತಿರಲಿ. ನೀವು ಟಾರ್ಚ್ ಹಿಡಿದು ಪೆಡಲ್‌ಗಳ ಹಿಂದೆ ಬಗ್ಗಿ. ಕಾಲಮ್‌ನಿಂದ (ಸ್ಟಿಯರಿಂಗ್ ಕೂತಿರುವ ಕಂಬ) ರ್ಯಾಕ್‌ಗೆ ಇಳಿಯುವ ಇಂಟರ್‌ಮೀಡಿಯೆಟ್ ಶಾಫ್ಟ್ ಕಾಣುತ್ತದೆ. ಅದರ ಎರಡು ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್ ಇರುತ್ತದೆ, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಕ್ರಾಸ್’. ಜಾಯಿಂಟ್‌ನ ಮೇಲಿನ ಕವಲಿಗೆ ಹೆಬ್ಬೆರಳು, ಕೆಳಗಿನ ಕವಲಿಗೆ ತೋರುಬೆರಳು ಇಡಿ. ಮೇಲಿನದು ತಿರುಗಿದ ಮೇಲೆ ಕೆಳಗಿನದು ಒಂದು ಕೂದಲೆಳೆ ತಡವಾಗಿ ಹೊರಟರೆ, ಕಳ್ಳ ಅಲ್ಲೇ ಇದ್ದಾನೆ. ಜಾಯಿಂಟ್ ಬಿಗಿಯಿದ್ದೂ ಸದ್ದು ಬಂದರೆ, ಜಾಯಿಂಟನ್ನು ಶಾಫ್ಟಿನ ಹಲ್ಲುಗಳ ಮೇಲೆ ಬಿಗಿದು ಹಿಡಿಯುವ ಪಿಂಚ್ ಬೋಲ್ಟ್ ನೋಡಿ. ಹಲ್ಲುಗಳ ಬಳಿ ಕೆಂಪು ತುಕ್ಕಿನ ಪುಡಿ ಇದ್ದರೆ ಬೋಲ್ಟ್ ಸಡಿಲವಾಗಿ ಹಲ್ಲು ಸವೆಯುತ್ತಿದೆ.

ಮಳೆಗಾಲದ ಲೆಕ್ಕವೂ ಕೂಡಿಬರುತ್ತದೆ. ಕೆಳಗಿನ ಕ್ರಾಸ್ ನೀರು ಎರಚುವ ಜಾಗದಲ್ಲಿದೆ. ಕ್ರಾಸ್‌ನ ಬೇರಿಂಗ್ ಕಪ್ ಒಳಗಿನ ಗ್ರೀಸ್ ತೊಳೆದುಹೋದರೆ ಸೂಜಿ ಬೇರಿಂಗ್ ತುಕ್ಕು ಹಿಡಿಯುತ್ತದೆ. ಕೆಲವು ಸವೆದು ಟಿಕ್ ಅನ್ನುತ್ತವೆ, ಕೆಲವು ಜಾಮ್ ಆಗುತ್ತವೆ. ಜಾಮ್ ಆದರೆ ಸ್ಟಿಯರಿಂಗ್ ಒಂದು ಪೂರ್ತಿ ಸುತ್ತಿನಲ್ಲಿ ಎರಡು ಕಡೆ ಬಿಗಿಯಾಗಿ, ಎರಡು ಕಡೆ ಹಗುರವಾಗಿ ತಿರುಗುತ್ತದೆ.

ವಾಶಿ_ಘಟ್ಟದ ಕೆಳಗೆ
ಕಾಲಮ್‌ನಿಂದ ಬರುವಂತೆ ಕೇಳುವ ಸದ್ದೆಲ್ಲ ಕಾಲಮ್‌ನದ್ದಲ್ಲ ಮಾರಾಯ್ರೆ. ಶಾಫ್ಟ್ ಕಬ್ಬಿಣದ್ದು, ಚಕ್ರದ ಬಳಿಯ ಸದ್ದನ್ನು ನೇರ ಕೈಗೆ ತಂದು ಕೊಡುತ್ತದೆ. ಖಾಲಿ ಮೈದಾನದಲ್ಲಿ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ (ಫುಲ್ ಲಾಕ್) ನಿಧಾನ ಸುತ್ತು ಹೊಡೆಯಿರಿ. ಚಕ್ರದ ವೇಗಕ್ಕೆ ತಕ್ಕಂತೆ ಕಟಕಟ ಬಂದರೆ ಹೊರಗಿನ ಸಿವಿ ಜಾಯಿಂಟ್ (ಇಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ದಂಡದ ತುದಿಯ ಜಾಯಿಂಟ್). ಅದರ ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಮೈಗೆ ಗ್ರೀಸ್ ಸಿಡಿದಿದೆಯಾ ನೋಡಿ. ನಿಂತಲ್ಲೇ ತಿರುಗಿಸುವಾಗ ಸ್ಪ್ರಿಂಗ್ ಟಣ್ ಎಂದು ಹಾರಿದ ಹಾಗಾದರೆ ಸ್ಟ್ರಟ್ (ಸ್ಪ್ರಿಂಗ್ ಕೂತ ಶಾಕ್ ಅಬ್ಸಾರ್ಬರ್) ತಲೆಯ ಮೌಂಟ್ ಬೇರಿಂಗ್. ಬಾನೆಟ್ ತೆಗೆದು ಸ್ಟ್ರಟ್‌ನ ತಲೆಯ ಮೇಲೆ ಅಂಗೈ ಇಟ್ಟರೆ ಗೊತ್ತಾಗುತ್ತದೆ.

ಇನ್ನೊಂದು. ರ್ಯಾಕ್‌ನ ಅಡ್ಜಸ್ಟರ್ ಬಿಗಿದು ಸದ್ದು ಅಡಗಿಸುತ್ತೇವೆ ಅಂದರೆ ಒಪ್ಪಬೇಡಿ. ಅತಿ ಬಿಗಿಯಾದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ.

ಮುಲುಂಡ್_06
ಇಬ್ಬರಿಗೂ ಧನ್ಯವಾದ. ಹೇಳಿದಂತೆಯೇ ನೋಡಿದೆ. ಮೇಲಿನ ಕ್ರಾಸ್ ಗಟ್ಟಿ ಇದೆ. ಕೆಳಗಿನದರಲ್ಲಿ ಬೆರಳಿಗೆ ಪ್ಲೇ ಸ್ಪಷ್ಟವಾಗಿ ಸಿಗುತ್ತದೆ. ಸುತ್ತು ಹೊಡೆದಾಗ ಕಟಕಟ ಇಲ್ಲ. ಆದರೆ ಸ್ಟಿಯರಿಂಗ್ ಬಲಕ್ಕೆ ಅರ್ಧ ಸುತ್ತಿದ್ದಾಗ ಕೆಲವೊಮ್ಮೆ ಹಾರ್ನ್ ಆಗುವುದಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಚೆಂಬೂರ್_ಸ್ಪ್ಯಾನರ್
ಇಲ್ಲ, ಅದು ಬೇರೆ ಕಾಯಿಲೆ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಹಾರ್ನ್ ವೈರ್ ಸ್ಟಿಯರಿಂಗ್ ಹಿಂದಿನ ಕ್ಲಾಕ್ ಸ್ಪ್ರಿಂಗ್ (ಸುರುಳಿ ಸುತ್ತಿದ ವೈರ್ ರಿಬ್ಬನ್ನಿನ ಡಬ್ಬಿ) ಮೂಲಕ ಹಾಯುತ್ತದೆ. ಅದರೊಳಗಿನ ರಿಬ್ಬನ್ ಬಿರುಕು ಬಿಟ್ಟಿರಬಹುದು. ಏರ್‌ಬ್ಯಾಗ್ ದೀಪ ಹತ್ತಿಕೊಂಡೇ ಇದೆಯಾ ಗಮನಿಸಿ. ಈ ಕೆಲಸ ಮನೆಯಲ್ಲಿ ಬೇಡ. ಯಾರೇ ಮಾಡಲಿ, ಬ್ಯಾಟರಿಯ ನೆಗೆಟಿವ್ ಕಳಚಿ ಕನಿಷ್ಠ 10 ನಿಮಿಷ ಕಾದು ಕೈ ಹಾಕಬೇಕು, ಏರ್‌ಬ್ಯಾಗ್ ವೈರಿಗೆ ಮಲ್ಟಿಮೀಟರ್ ಹಚ್ಚಲೇಬಾರದು.

ಈಗ ಕ್ರಾಸ್. ಶಾಫ್ಟನ್ನು ಜಾಯಿಂಟ್ ಸಮೇತ ಪೂರ್ತಿ ಬದಲಿಸಿ. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹಳೆಯದು ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಇನ್ನೊಂದು ಗಾಡಿಯಲ್ಲಿ ಇಷ್ಟೇ ಮಳೆ ಕಂಡಿರುತ್ತದೆ. ಹೊಸದೇ ತನ್ನಿ.

ಚಕ್ರ ನೇರ ಮಾಡಿ, ಕೀ ತೆಗೆದು ಲಾಕ್ ಬೀಳಿಸಿ, ಸೀಟ್ ಬೆಲ್ಟನ್ನು ಸ್ಟಿಯರಿಂಗ್‌ನೊಳಗೆ ತೂರಿಸಿ ಬಕಲ್‌ಗೆ ಹಾಕಿ. ಶಾಫ್ಟ್ ಕಳಚಿದಾಗ ಸ್ಟಿಯರಿಂಗ್ ಸುತ್ತಿಬಿಟ್ಟರೆ ಕ್ಲಾಕ್ ಸ್ಪ್ರಿಂಗ್ ಹರಿಯುತ್ತದೆ. ಹಳೆಯ ಜಾಯಿಂಟ್ ಮತ್ತು ರ್ಯಾಕ್‌ನ ಹಲ್ಲಿನ ಮೇಲೆ ಬಿಳಿ ಪೇಂಟಿನ ಒಂದೇ ಗೆರೆ ಎಳೆಯಿರಿ. ಒಂದು ಹಲ್ಲು ತಪ್ಪಿದರೂ ಸ್ಟಿಯರಿಂಗ್ ಓರೆ ನಿಲ್ಲುತ್ತದೆ. ಪಿಂಚ್ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು, ಏಕೆಂದರೆ ಅದು ಶಾಫ್ಟಿನ ತೋಡಿನಲ್ಲಿ ಕೂತಿರುತ್ತದೆ. ತುಕ್ಕು ಹಿಡಿದಿದ್ದರೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಕಾಯಿರಿ. ಸುತ್ತಿಗೆಯಿಂದ ಮಾತ್ರ ಹೊಡೆಯಬೇಡಿ. ಡಿಕ್ಕಿಯಾದಾಗ ಕುಸಿಯಲೆಂದು ಎಷ್ಟೋ ಕಾಲಮ್‌ಗಳಲ್ಲಿ ಪ್ಲಾಸ್ಟಿಕ್ ಪಿನ್ ಇರುತ್ತದೆ, ಏಟಿಗೆ ಅದು ಕತ್ತರಿಸಿ ಕಾಲಮ್ಮೇ ಹಾಳಾಗುತ್ತದೆ.

ಕೂರಿಸುವಾಗ ಬೋಲ್ಟ್ ಬೆರಳಲ್ಲೇ ಸಲೀಸಾಗಿ ಒಳಗೆ ಹೋಗಬೇಕು. ಹೋಗದಿದ್ದರೆ ಶಾಫ್ಟ್ ಪೂರ್ತಿ ಇಳಿದಿಲ್ಲ. ಹೊಸ ಬೋಲ್ಟ್ ಹಾಕಿ, ನಿಮ್ಮ ಮಾಡೆಲ್‌ನ ಮ್ಯಾನುಯಲ್ ಹೇಳುವ ಟಾರ್ಕ್‌ಗೆ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಕೈಗೆ ಪ್ಲೇ ಸಿಕ್ಕ ಮೇಲೆ, ಕೆಲಸ ಮುಗಿಯುವವರೆಗೆ ಗಾಡಿ ಹೈವೇಗೆ ಇಳಿಸಬೇಡಿ.