ತುಂಗೆಗೆ ಡಿಜಿಟಲ್ ಟ್ವಿನ್: ಅನುದಾನ ಎಲ್ಲಿ ಕೇಳೋದು? ಅನುಭವ ಇದ್ದವರು ಹೇಳಿ

ಕೇಳಿದವರು: ಉಪನ್ಯಾಸಕಿ, ಸಿವಿಲ್ ವಿಭಾಗ, ಶಿವಮೊಗ್ಗ

ಶೃಂಗೇರಿಯಿಂದ ಗಾಜನೂರಿನವರೆಗೆ ತುಂಗಾ ಹೊಳೆಗೆ ಒಂದು ಡಿಜಿಟಲ್ ಟ್ವಿನ್ ಮಾಡುವ ಯೋಚನೆ ಇದೆ. ಹೊಳೆ, ಗುಡ್ಡ, ರಸ್ತೆ ಎಲ್ಲದರ ಕಂಪ್ಯೂಟರ್ ಪ್ರತಿರೂಪ. ಮಳೆ, ನೀರಿನ ಮಟ್ಟದ ಮಾಹಿತಿ ಬಂದ ಹಾಗೆ ಅದೂ ಬದಲಾಗುತ್ತಾ ಹೋಗಬೇಕು. ನೆರೆ, ಧರೆ ಕುಸಿತ ಎರಡಕ್ಕೂ ಮುನ್ಸೂಚನೆ ಬೇಕು. ಇಂಥ ಸಂಶೋಧನೆಗೆ ಹಣ ಎಲ್ಲಿ ಸಿಗುತ್ತದೆ? ಅರ್ಜಿ ಹಾಕಿದವರು, ಅರ್ಜಿ ಪರಿಶೀಲಿಸಿದವರು ದಯವಿಟ್ಟು ಹೇಳಿ.

ಜಲವಿಜ್ಞಾನ ಸಂಶೋಧಕ, ಊರು ತೀರ್ಥಹಳ್ಳಿ

ಮೇಡಂ, ಅರ್ಜಿಯಲ್ಲಿ ಚಂದದ ಮೂರು ಆಯಾಮದ ನಕ್ಷೆಗೆ ಜಾಸ್ತಿ ಜಾಗ ಕೊಡಬೇಡಿ. ಸಮಿತಿಯಲ್ಲಿ ಕೂತವರು ಮೊದಲು ಕೇಳುವುದೇ, ಇದು ಮಾಮೂಲಿ ನೆರೆ ಮಾದರಿಗಿಂತ ಹೇಗೆ ಬೇರೆ ಅಂತ. ಹೊಳೆಯಲ್ಲಿ ಅಳತೆ ಬಂದ ತಕ್ಷಣ ಮಾದರಿ ತನ್ನ ಲೆಕ್ಕ ತಿದ್ದಿಕೊಳ್ಳಬೇಕು. ಇದೇ ಮಳೆ ರಾತ್ರಿಯಿಡೀ ಬಂದರೆ ಎಲ್ಲಿಗೆ ನೀರು ನುಗ್ಗುತ್ತದೆ ಅಂತ ಕೇಳಿದರೆ ಉತ್ತರ ಕೊಡಬೇಕು. ಆ ಉತ್ತರ ಹಿಡಿದು ಯಾರು ಏನು ಮಾಡುತ್ತಾರೆ ಅನ್ನುವುದನ್ನು ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ.

ಗಾಜನೂರಿನ ತುಂಗಾ ಅಣೆಕಟ್ಟನ್ನೇ ನೋಡಿ. ಅಲ್ಲಿ ನಿಲ್ಲುವುದು ಸುಮಾರು 3.24 ಟಿಎಂಸಿ ನೀರು. ಭದ್ರಾದಲ್ಲಿ 71.5 ಟಿಎಂಸಿ. ಹಾಗಾಗಿ ಮಳೆಗಾಲ ಹಿಡಿದ ಸ್ವಲ್ಪ ದಿನಕ್ಕೇ ಗಾಜನೂರು ತುಂಬುತ್ತದೆ, ಆಮೇಲೆ ಮೇಲಿಂದ ಬಂದದ್ದೆಲ್ಲ ಕೆಳಗೆ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆಗೆ, ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ಬಂದದ್ದು ನಿಮಗೆ ನೆನಪಿರಬೇಕು. ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ ಅಂತ ನೋಡಿ ಜನ ಇವತ್ತಿಗೂ ಹೊಳೆಯ ಅಂದಾಜು ಮಾಡುತ್ತಾರೆ. ಆದರೆ ಅಷ್ಟು ಹೊತ್ತಿಗೆ ನೀರು ಊರಿನೊಳಗೇ ಇರುತ್ತದೆ ಅಲ್ವಾ? ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಬಿದ್ದ ಮಳೆಯನ್ನು ನೋಡಿ ಕೆಲವು ಗಂಟೆ ಮುಂಚೆ ಹೇಳಲು ಆದರೆ ಸಾಮಾನು ಮೇಲೆತ್ತಬಹುದು, ವಯಸ್ಸಾದವರನ್ನು ಸಾಗಿಸಬಹುದು. ನನ್ನ ಪ್ರಕಾರ ಮೂರು ವರ್ಷದ ಯೋಜನೆಗೆ ಇಷ್ಟೇ ಗುರಿ ಸಾಕು.

ಹಣದ ವಿಷಯ. ಕೇಂದ್ರದಲ್ಲಿ ಈಗ ಮೊದಲು ನೋಡಬೇಕಾದ್ದು ಎಎನ್‌ಆರ್‌ಎಫ್, ಅಂದರೆ ಸಂಶೋಧನೆಗೆ ಹಣ ಕೊಡುವ ರಾಷ್ಟ್ರೀಯ ಪ್ರತಿಷ್ಠಾನ. 2023ರ ಕಾಯ್ದೆಯಿಂದ ಬಂದದ್ದು, ಮೊದಲು ಅನುದಾನ ಕೊಡುತ್ತಿದ್ದ ಹಳೆಯ ಮಂಡಳಿ ಎಸ್‌ಇಆರ್‌ಬಿ ಅದರಲ್ಲೇ ಸೇರಿದೆ. ಕೆಲಸಕ್ಕೆ ಸೇರಿ ಹೆಚ್ಚು ವರ್ಷ ಆಗದವರಿಗೆ ಅಲ್ಲಿ ಬೇರೆಯೇ ಅನುದಾನ ಇದೆ. ಹವಾಮಾನ ಮುನ್ಸೂಚನೆ ಸುಧಾರಿಸುವ ಭೂವಿಜ್ಞಾನ ಸಚಿವಾಲಯದ ಯೋಜನೆ ಮಿಷನ್ ಮೌಸಮ್‌ಗೆ 2024ರ ಸೆಪ್ಟೆಂಬರ್‌ನಲ್ಲಿ 2,000 ಕೋಟಿ ರೂಪಾಯಿ ಒಪ್ಪಿಗೆ ಆಯಿತು. ಅಲ್ಲಿಗೆ ಒಂಟಿಯಾಗಿ ಹೋಗುವುದಕ್ಕಿಂತ ಐಐಎಸ್‌ಸಿ ಅಥವಾ ಸುರತ್ಕಲ್‌ನ ಎನ್‌ಐಟಿಕೆ ಜೊತೆ ಹೋಗುವುದು ಒಳ್ಳೆಯದು. ರಾಜ್ಯದಲ್ಲಿ ಸಂಶೋಧನೆಗೆ ಅನುದಾನ ಕೊಡುವ ವಿಜಿಎಸ್‌ಟಿ (ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್) ಇದೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಕೆಎಸ್‌ಸಿಎಸ್‌ಟಿ, ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಕೊಡುವುದು ಸಣ್ಣ ಮೊತ್ತವೇ, ಆದರೂ ಒಂದು ಸೇತುವೆಗೆ ನೀರಿನ ಮಟ್ಟ ಅಳೆಯುವ ಸಾಧನ ಕಟ್ಟಿ ಒಂದು ಮಳೆಗಾಲದ ಅಂಕಿ ಸಂಗ್ರಹಿಸಿ. ದೊಡ್ಡ ಅರ್ಜಿಗೆ ಅದಕ್ಕಿಂತ ಬಲವಾದ ಪುರಾವೆ ಇಲ್ಲ.

ಅರ್ಜಿ ಕರೆದವರು ಹವಾಮಾನ ಭದ್ರತೆಯ ಬಗ್ಗೆ, ಅಂದರೆ ಹವಾಮಾನದ ಏರುಪೇರಿನಿಂದ ನೀರು, ಬೆಳೆಗೆ ಬರುವ ಅಪಾಯದ ಬಗ್ಗೆ, ಕೇಳಿದರೆ ತುಂಗಭದ್ರೆಯನ್ನು ಸೇರಿಸಿ. ನಮ್ಮ ಮಳೆಯೇ ಹೊಸಪೇಟೆ ಅಣೆಕಟ್ಟಿಗೆ ಹೋಗುವುದು. 2024ರ ಆಗಸ್ಟ್‌ನಲ್ಲಿ ಅಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರ ಜೊತೆ ಆಂಧ್ರ, ತೆಲಂಗಾಣದವರಿಗೂ ಬೆಳೆಯ ಚಿಂತೆ ಹತ್ತಿತ್ತು. ಮಲೆನಾಡಿನ ಒಳಹರಿವು ಮುಂಚೆ ಗೊತ್ತಾಗುವುದು ಅವರೆಲ್ಲರಿಗೂ ಬೇಕಾದ ವಿಷಯ.

ಭೂವಿಜ್ಞಾನ ಓದಿಸುವವರು, ಸಾಗರ

ನೆರೆ, ಕುಸಿತ ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಬೇಡಿ. ನೆರೆಯ ಲೆಕ್ಕ ಹೊಳೆಯ ಉದ್ದಕ್ಕೂ ನಡೆಯುತ್ತದೆ. ಧರೆ ಕುಸಿಯುವುದು ಮಣ್ಣಿನೊಳಗಿನ ನೀರಿನ ಒತ್ತಡದಿಂದ. ಮೇಲೆ ಜಂಬಿಟ್ಟಿಗೆ, ಕೆಳಗೆ ಜಾರುವ ಶೇಡಿ ಮಣ್ಣು, ರಸ್ತೆಗೆ ಅಂತ ಬುಡ ಕಡಿದಿರುತ್ತಾರೆ. ಹತ್ತು ಮಾರು ಆಚೆ ಕಥೆಯೇ ಬೇರೆ. ಆಗುಂಬೆ ಘಾಟಿಯ ಒಂದೇ ಒಂದು ಇಳಿಜಾರು ಆರಿಸಿ, ಮಣ್ಣಿನ ಆಳ ಅಳೆದು, ಒತ್ತಡ ಅಳೆಯುವ ಪಿಜೋಮೀಟರ್ ಹಾಕಿ.

ಉಪಗ್ರಹದಿಂದ ಎಲ್ಲಾ ಸಿಗುತ್ತದೆ ಅಂತ ಬರೆಯಬೇಡಿ. ಯುರೋಪಿನ ಉಪಗ್ರಹ ಸೆಂಟಿನೆಲ್-1ರ ರೇಡಾರ್ ಮೋಡದ ಮೂಲಕ ನೋಡುತ್ತದೆ, ನೆರೆ ನಿಂತ ಜಾಗ ಗುರುತಿಸಲು ಒಳ್ಳೆಯದು. ಆದರೆ ದಟ್ಟ ಕಾಡಿನ ಅಡಿಯ ನೆಲ ಸರಿದದ್ದನ್ನು ಅದರ ಸಣ್ಣ ತರಂಗ ಸರಿಯಾಗಿ ಹಿಡಿಯುವುದಿಲ್ಲ. 2025ರ ಜುಲೈ 30ರಂದು ಹಾರಿದ ನಾಸಾ-ಇಸ್ರೊ ಉಪಗ್ರಹ ನಿಸಾರ್‌ನಲ್ಲಿ ಉದ್ದ ತರಂಗದ ಎಲ್-ಬ್ಯಾಂಡ್ ರೇಡಾರ್ ಇದೆ, ನಮ್ಮ ಕಾಡಿಗೆ ಅದು ಹೆಚ್ಚು ಹೊಂದುತ್ತದೆ. ಮಲೆನಾಡಿನಲ್ಲಿ ಅದನ್ನು ಪರೀಕ್ಷಿಸುವುದೇ ಒಂದು ಒಳ್ಳೆಯ ಸಂಶೋಧನಾ ಪ್ರಶ್ನೆ. ಅಂಕೋಲಾ ಬಳಿಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದದ್ದನ್ನು ನೋಡಿದ ಮೇಲೆ ಈ ಕೆಲಸ ಯಾಕೆ ಅಂತ ಯಾರೂ ಕೇಳಲಾರರು.

ಅನುದಾನದ ಲೆಕ್ಕಪತ್ರ ನೋಡುವವರು, ಶಿವಮೊಗ್ಗ

ವಿದೇಶಿ ಹಣ ಅಂದ ಕೂಡಲೇ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ನೋಡಿಕೊಳ್ಳಿ. 2020ರ ತಿದ್ದುಪಡಿ ಆದ ಮೇಲೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಪಾಲುದಾರರ ಪಟ್ಟಿ ಮಾಡುವ ಮುಂಚೆ ಇದು ತಿಳಿದಿರಲಿ. ಯುರೋಪಿನ ಹೊರೈಜನ್ ಸಂಶೋಧನಾ ಅನುದಾನ ಯೋಜನೆಯಲ್ಲಿ ನಮ್ಮವರು ಸೇರಬಹುದು, ಆದರೆ ದುಡ್ಡು ತಾನಾಗಿ ಬರುವುದಿಲ್ಲ, ಸಾಮಾನ್ಯವಾಗಿ ನಮ್ಮ ಪಾಲನ್ನು ನಾವೇ ಹೊಂದಿಸಬೇಕು.

ಸಂಶೋಧನೆ ಮುಗಿದು ಸಾಧನ ಹಾಕುವ ಹಂತಕ್ಕೆ ವಿಪತ್ತು ನಿಧಿ ಇದೆ. 15ನೇ ಹಣಕಾಸು ಆಯೋಗ 2021–26ಕ್ಕೆ ಮಾಡಿದ ಹಂಚಿಕೆಯಲ್ಲಿ ರಾಜ್ಯ ನಿಧಿಯ ಶೇ. 20 ಅಪಾಯ ತಗ್ಗಿಸಲು, ಶೇ. 10 ಪೂರ್ವಸಿದ್ಧತೆಗೆ ಇಟ್ಟಿತ್ತು. ಅಲ್ಲಿಗೆ ಕಾಲೇಜು ನೇರ ಹೋಗುವುದಕ್ಕಿಂತ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮೂಲಕ ಪ್ರಸ್ತಾವನೆ ಹೋಗಬೇಕು. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಈಗಲೇ ಹೋಗಿ ಮಾತಾಡಿ, ಒಂದು ಬೆಂಬಲ ಪತ್ರ ತನ್ನಿ.

ಅಡಿಕೆ ಬೆಳೆಗಾರ, ಹೊಸನಗರ

ಯಂತ್ರ ಹಾಕುವ ದಿನ ಎಲ್ಲರೂ ಬರುತ್ತಾರೆ. ಪುಷ್ಯ ಮಳೆಯಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಸೋಲಾರ್ ಪ್ಲೇಟಿನ ಮೇಲೆ ಎಲೆ ಬಿದ್ದಿರುತ್ತದೆ, ಆಗ ನೋಡುವವರು ಯಾರು? ಬೇಕಾದ ಹೊತ್ತಿಗೇ ಅದು ಬಾಯಿ ಮುಚ್ಚುತ್ತದೆ. ಊರಿನ ಒಬ್ಬ ಹುಡುಗನಿಗೋ ಹುಡುಗಿಗೋ ಸಂಬಳ ಇಡಿ. ಇನ್ನೊಂದು, ನಮ್ಮ ಕಡೆ ತೋಟದ ಮನೆಗಳಲ್ಲಿ ದಿನಾ ಮಳೆ ಅಳೆದು ಡೈರಿಯಲ್ಲಿ ಬರೆದಿಟ್ಟವರಿದ್ದಾರೆ. ಹಳೆಯ ಲೆಕ್ಕ ಬೇಕಿದ್ದರೆ ಕೇಳಿ, ಖುಷಿಯಿಂದ ಕೊಡುತ್ತಾರೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ನೆರೆ ಮಾತ್ರ ಇಟ್ಟುಕೊಂಡು ಅರ್ಜಿ ತಿದ್ದುತ್ತೇನೆ. ಯೋಜನೆ ಮುಗಿದ ಮೇಲೆ ಸರ್ವರ್ ಯಾರು ನಡೆಸಬೇಕು ಅನ್ನುವುದೇ ದೊಡ್ಡ ಚಿಂತೆ.

ಜಲವಿಜ್ಞಾನ ಸಂಶೋಧಕ

ಅದಕ್ಕೆ ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಕೆಎಸ್‌ಎನ್‌ಡಿಎಂಸಿಯನ್ನು ಮೊದಲ ದಿನದಿಂದಲೇ ಪಾಲುದಾರರಾಗಿ ಕೇಳಿ. ಪಂಚಾಯಿತಿ ಮಟ್ಟದ ಮಳೆಮಾಪಕಗಳ ಜಾಲ ಅವರದೇ. ಹೊಳೆಯ ಹರಿವು ಲೆಕ್ಕ ಹಾಕುವ ಹೆಕ್-ರಾಸ್ ಥರದ ಉಚಿತ ತಂತ್ರಾಂಶ ಬಳಸಿದರೆ ಲೈಸೆನ್ಸ್ ಖರ್ಚೂ ಬೀಳುವುದಿಲ್ಲ. ಮೂರನೇ ವರ್ಷದಲ್ಲಿ ಹಸ್ತಾಂತರ, ತರಬೇತಿ ಅಂತ ಬೇರೆ ಸಾಲು ಹಾಕಿ ಹಣ ತೋರಿಸಿ. ಕರಡು ಸಿದ್ಧವಾದ ಮೇಲೆ ಕಳಿಸಿ, ಓದಿ ಹೇಳುತ್ತೇನೆ.